ಅರಸನಿಗಾಗಿ ಅಗೆದದ್ದು

ರಾಜ್ಯ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ನನ್ನ ಬಳಿ ಐದು ಕಾರಣಗಳಿದ್ದವು. ನೀರಾವರಿ, ಯುದ್ಧ, ವ್ಯಾಪಾರ, ಧರ್ಮ, ಜನಸಂಖ್ಯೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಇತಿಹಾಸದ ಮೇಡಂ ಆಗಿ ಪಾಠ ಮಾಡಿದ ಇಪ್ಪತ್ತು ಚಿಲ್ಲರೆ ವರ್ಷ ಈ ಐದನ್ನೂ ತಪ್ಪದೆ ಬರೆಸಿದೆ. ಮಕ್ಕಳು ತಲೆ ಎತ್ತದೆ ಬರೆದುಕೊಂಡರು, ನಾನೂ ತಲೆ ಎತ್ತದೆ ಓದಿದೆ. ಆ ನೋಟ್ಸು ನನ್ನದಲ್ಲ, ನನಗೆ ಕಲಿಸಿದವರದು. ಅವರದೂ ಅಲ್ಲ, ಅವರಿಗೆ ಕಲಿಸಿದವರದು ಎಂದು ಆಮೇಲೆ ಗೊತ್ತಾಯಿತು. ನಮ್ಮ ಮೂರು ತಲೆಮಾರಿನಲ್ಲಿ ಒಬ್ಬರೂ ನೆಲದಿಂದ ಒಡೆದ ಮಡಕೆಯ ಒಂದು ಬೋಕಿ ಚೂರನ್ನು ಹೆಕ್ಕಿ ನೋಡಿರಲಿಲ್ಲ. ಆದರೂ ಮೊದಲ ಅರಸ ಯಾಕೆ ಹುಟ್ಟಿದ ಎಂಬುದನ್ನು ಪಕ್ಕದ ಮನೆಯ ಬಾಣಂತನದ ಸುದ್ದಿಯಷ್ಟು ಖಚಿತವಾಗಿ ಹೇಳುತ್ತಿದ್ದೆವು.

ಇಂಥ ನನ್ನನ್ನು ಹುಡುಕಿಕೊಂಡು ಒಂದು ದಿನ ದೊಡ್ಡ ಊರಿನಿಂದ ಪ್ರೊಫೆಸರ್ ಒಬ್ಬರು ಬಂದರು. ಪ್ರೊಫೆಸರ್ ಎಂದೇ ಬರೆಯುತ್ತೇನೆ. ಆ ಪದ ಬಿಟ್ಟರೆ ತಮಗೊಂದು ಹೆಸರಿದೆ ಎಂಬುದನ್ನು ಅವರೇ ಮರೆತಂತಿತ್ತು. ಅಗರ ದಾಟಿ ಸುವರ್ಣಾವತಿ ಹೊಳೆಯ ಕಡೆ ಇಳಿದರೆ ಸಿಗುವ ಒಂದು ಊರಿನ ದಿಬ್ಬದಲ್ಲಿ ಅವರು ಉತ್ಖನನ ಮಾಡುವವರಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿಯವರು ಇನ್ನಷ್ಟು ಉಬ್ಬಿಹೋಗುತ್ತಾರೆ. ಸ್ಥಳೀಯರೊಬ್ಬರು ತಂಡದಲ್ಲಿರಬೇಕೆಂದು ನಿಯಮವಿತ್ತಂತೆ. ನನ್ನ ಪಾಂಡಿತ್ಯ ಕೇಳಿ ಬಂದಿದ್ದಾರೆಂದು ನಾನು ಒಂದು ವಾರ ಬೀಗಿಕೊಂಡು ತಿರುಗಿದೆ. ಕೂಲಿಯವರನ್ನು ಗೊತ್ತುಮಾಡಲು, ಊಟದ ವ್ಯವಸ್ಥೆ ನೋಡಲು ಒಬ್ಬರು ಬೇಕಾಗಿತ್ತು ಎಂಬುದು ಎರಡನೆಯ ವಾರ ತಿಳಿಯಿತು.

ದಿಬ್ಬವಿದ್ದ ಜಮೀನು ಆ ಊರಿನ ದೊಡ್ಡ ಲಿಂಗಾಯತ ಮನೆತನದ್ದು. ಯಜಮಾನರಿಗೆ ಅರವತ್ತರ ಆಸುಪಾಸು. ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ, ಅಂಗಿಯ ಜೇಬಿನಲ್ಲಿ ಎರಡು ಫೋನು. ಅರಿಸಿನದ ಬೆಳೆ ಹಾಕಲೆಂದು ದಿಬ್ಬವನ್ನು ಮಟ್ಟ ಮಾಡಿಸುತ್ತಿದ್ದಾಗ ಜೆಸಿಬಿಯ ಹಲ್ಲಿಗೆ ಒಂದು ಗುಡಾಣದ ಬಾಯಿ ಸಿಕ್ಕಿಕೊಂಡಿತ್ತು. ಆಳೆತ್ತರದ ಮಣ್ಣಿನ ಪಾತ್ರೆ. ನಿಧಿ ಇರಬಹುದೆಂದು ಅವರು ಎರಡು ದಿನ ಯಾರಿಗೂ ಹೇಳದೆ ತಾವೇ ಅಗೆಸಿ, ಒಂದನ್ನು ಒಡೆಸಿಯೂ ನೋಡಿದರು. ಒಳಗೆ ಬರೀ ಮಣ್ಣು ಎಂದು ಖಾತ್ರಿಯಾದ ಮೇಲೆ ಅವರಿಗೆ ಇತಿಹಾಸದ ಮೇಲೆ ಅಭಿಮಾನ ಹುಟ್ಟಿತು. ಸರ್ಕಾರಕ್ಕೆ ತಿಳಿಸಿದರು.

ಮೊದಲ ದಿನ ಪ್ರೊಫೆಸರ್ ದಿಬ್ಬದ ನೆತ್ತಿಗೆ ಹತ್ತಿ ನಿಂತರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು, ನಡುವೆ ಗದ್ದೆ ಬಯಲು. ಸುತ್ತ ಒಮ್ಮೆ ನೋಡಿ, ಟೋಪಿ ತೆಗೆದು, "ಇಲ್ಲಿ ಒಬ್ಬ ಅರಸ ಇದ್ದ" ಎಂದರು.

ಇನ್ನೂ ಗುದ್ದಲಿ ಮುಟ್ಟಿರಲಿಲ್ಲ. ಗುದ್ದಲಿ ತರಲು ಹೋದವನು ಹೊಲದ ದಾರಿಯಲ್ಲಿದ್ದ.

"ಹೌದು ಸರ್" ಎಂದೆ. ಯಜಮಾನರೂ ತಲೆಯಾಡಿಸಿದರು. "ನಮ್ ತಾತನೂ ಅದನ್ನೇ ಏಳೋರು ಸಾ, ಈ ತಾವು ಮಾಮೂಲಿ ತಾವಲ್ಲ ಅಂತ."

ಅಗೆತಕ್ಕೆ ಹನ್ನೆರಡು ಜನ ಹೆಂಗಸರು ಬಂದರು. ಹೆಚ್ಚಿನವರು ಅಕ್ಕಪಕ್ಕದ ಊರಿನವರು. ಒಬ್ಬಳು ಮಾತ್ರ ಕುಂಬಾರರ ಮನೆಯವಳು, ಕೊಳ್ಳೇಗಾಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಮೂಗಿನ ಎರಡೂ ಕಡೆ ಮೂಗುತಿ. ಅವರ ಮನೆಯಲ್ಲಿ ಮಡಕೆ ಮಾಡುವ ತಿಗರಿ ನಿಂತು ಬಹಳ ವರ್ಷವಾಗಿತ್ತು. ಮೈಸೂರು ಕಡೆಯಿಂದ ಒಲೆ, ಹಣತೆ, ಧೂಪದ ಬಟ್ಟಲು ತರಿಸಿ ಸಂತೆಗಳಲ್ಲಿ ಮಾರುತ್ತಿದ್ದಳು. ಸಂತೆ ಇಲ್ಲದ ದಿನ ಕೂಲಿ. ಅವಳಿಗೆ ಯಾರ ಮೇಲೂ ವಿಶೇಷ ಗೌರವವಿರಲಿಲ್ಲ. ಪ್ರೊಫೆಸರ್ ಬ್ರಷ್ಷಿನಿಂದ ಮಣ್ಣು ಸವರುವುದನ್ನು ಮೊದಲ ದಿನ ನೋಡಿ, "ಇದೇನಮ್ಮ, ಮಗೀಗ ಪೌಡ್ರು ಬಳದಂಗ ಬಳೀತರಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನಾನು ನಕ್ಕೆ, ಪ್ರೊಫೆಸರ್ ನೋಡಿದ ಕೂಡಲೇ ಬಾಯಿ ಮುಚ್ಚಿಕೊಂಡೆ.

ಅವಳನ್ನು ಎಲ್ಲ ಬಲ್ಲ ಹಳ್ಳಿ ಹೆಂಗಸನ್ನಾಗಿ ಮಾಡುವ ಆಸೆ ನನಗಿಲ್ಲ. ತಪ್ಪುಗಳನ್ನೂ ಅವಳು ಅಷ್ಟೇ ಧೈರ್ಯದಿಂದ ಹೇಳುತ್ತಿದ್ದಳು. ನೂಲು ತೆಗೆಯುವ ಕದಿರಿಗೆ ಹಾಕುವ ಮಣ್ಣಿನ ಬಿಲ್ಲೆಯೊಂದು ಸಿಕ್ಕಾಗ ಅದು ಎತ್ತಿನ ಕೊರಳ ಗೆಜ್ಜೆ ಎಂದು ಸಾಧಿಸಿದಳು. ಸುಟ್ಟು ಕರಿಯಾಗಿದ್ದ ಹುರುಳಿ ಕಾಳು ಸಿಕ್ಕಾಗ, ಇಲಿ ಮೊನ್ನೆ ತಂದು ಹಾಕಿದ್ದು ಎಂದು ಜರಡಿಯಿಂದ ಚೆಲ್ಲಲು ಹೋದಳು. ನಾನು ಕೈ ಹಿಡಿದು ತಡೆಯಬೇಕಾಯಿತು.

ಎರಡು ವಾರದ ಹೊತ್ತಿಗೆ ಒಂದು ಉದ್ದನೆಯ ಕೋಣೆ ತೆರೆದುಕೊಂಡಿತು. ಮಣ್ಣಿನ ಗೋಡೆಯ ಬುಡ, ಬಡಿದು ಗಟ್ಟಿ ಮಾಡಿದ ನೆಲ, ಅದರಲ್ಲಿ ಎರಡು ಸಾಲಾಗಿ ಹನ್ನೊಂದು ಗುಡಾಣ. ಕೆಲವು ಕುಸಿದಿದ್ದವು, ಕೆಲವು ನಿಂತಲ್ಲೇ ನಿಂತಿದ್ದವು. ಪ್ರತಿಯೊಂದರ ಭುಜದ ಮೇಲೂ ಚೂಪಾದ ಯಾವುದರಿಂದಲೋ ಗೀಚಿದ ಒಂದು ಗುರುತು. ಒಂದರ ಮೇಲೆ ಏಣಿಯ ಹಾಗೆ, ಒಂದರ ಮೇಲೆ ಮೀನಿನ ಮುಳ್ಳಿನ ಹಾಗೆ, ಇನ್ನೊಂದರ ಮೇಲೆ ಬರೀ ಎರಡು ಅಡ್ಡಗೆರೆ. ಬಿಸಿಲು ಓರೆಯಾಗಿ ಬಿದ್ದಾಗ ಆ ಗೆರೆಗಳು ಎದ್ದು ಕಂಡವು. ನಾನು ಗುಂಡಿಗಿಳಿದು ಏಣಿಯ ಗೆರೆಗಳ ಮೇಲೆ ಬೆರಳಾಡಿಸಿದೆ. ಅಷ್ಟು ವರ್ಷ ನಾನು ಬರೆಸಿದ ಪಾಠದಲ್ಲಿ ಒಬ್ಬ ಮನುಷ್ಯನ ಕೈಗುರುತು ಇರಲಿಲ್ಲ.

ಪ್ರೊಫೆಸರ್ ಗುಂಡಿಯ ಅಂಚಿನಲ್ಲಿ ನಿಂತು ಯಜಮಾನರಿಗೆ ವಿವರಿಸಿದರು. "ಇದು ಅರಸನ ಕಣಜ. ಸುತ್ತಲಿನ ಹನ್ನೊಂದು ಹಳ್ಳಿಯಿಂದ ಬಂದ ತೆರಿಗೆ ಧಾನ್ಯ. ಒಂದೊಂದು ಗುರುತು ಒಂದೊಂದು ಹಳ್ಳಿ. ಕಂದಾಯ ಇಲಾಖೆ ಅನ್ನಿ ಬೇಕಾದರೆ. ಇಲ್ಲೇ ರಾಜ್ಯ ಹುಟ್ಟಿತು, ಇಲ್ಲೇ ನಗರ ಹುಟ್ಟೋದರಲ್ಲಿತ್ತು."

ಯಜಮಾನರ ಎದೆ ಅರ್ಧ ಗೇಣು ಮುಂದೆ ಬಂತು. "ಅಂಗಾರ ಈ ಅರಸು ನಮ್ ಕಡೆಯೋರೇ ಇರ್ಬೇಕು ಸಾ. ಈ ಜಮೀನು ನಮ್ ವಂಸದ್ದೇ ಅಲ್ವ್ರಾ, ಆವತ್ನಿಂದ."

ಗುಡಾಣಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಆವತ್ತು ಎಂದರೆ ಎಷ್ಟು ಹಿಂದೆ ಎಂದು ಪ್ರೊಫೆಸರ್ ಕೇಳಲಿಲ್ಲ. ಶೆಡ್ಡು ಹಾಕಲು ಜಾಗ, ಕರೆಂಟು, ಮಧ್ಯಾಹ್ನದ ಮಜ್ಜಿಗೆ ಎಲ್ಲ ಯಜಮಾನರ ಮನೆಯದೇ. "ಸಾಧ್ಯ ಇದೆ" ಎಂದರು. ಅಲ್ಲಿಂದಾಚೆ ಯಜಮಾನರು ದಿಬ್ಬಕ್ಕೆ ಬರುವಾಗ ನಡೆಯುವ ರೀತಿಯೇ ಬದಲಾಯಿತು. ತೆಂಗಿನ ಮರದಡಿ ಅವರಿಗೊಂದು ಕುರ್ಚಿ ಬಂತು. ಹೆಂಗಸರು ಆ ಕುರ್ಚಿಯ ಮುಂದೆ ಹಾಯದೆ ಸುತ್ತಿಕೊಂಡು ಹೋಗಬೇಕೆಂದು ಯಾರೂ ಹೇಳಲಿಲ್ಲ. ಆದರೂ ಹಾಗೆಯೇ ಹೋಗತೊಡಗಿದರು.

ಮಾರನೆಯ ದಿನ ನಾನು ಗುಡಾಣಗಳ ಅಳತೆ ತೆಗೆಯುತ್ತಿದ್ದೆ. ಕುಂಬಾರರ ಹೆಂಗಸು ಪಕ್ಕದಲ್ಲಿ ಕೂತು ಕಂಠಗಳನ್ನು ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ, "ಇವ್ನೆಲ್ಲ ಒಬ್ನೇ ಕುಂಬಾರ ಮಾಡ್ನಿಲ್ಲ ಕಣಮ್ಮ" ಎಂದಳು.

"ಅದು ಹೇಗೆ ಹೇಳ್ತೀಯ?"

"ಅಂಚ ನೋಡಿ. ಇದ್ರ ಅಂಚು ಒಳಕ್ಕ ಮಡಚವ್ನ. ಇದು ಒರಕ್ಕ. ಇದ್ರ ಸುತ್ತ ಎಬ್ಬೆಟ್ಟಲ್ಲಿ ಒತ್ತವ್ನ, ಪಕ್ಕದ್ರಲ್ಲಿ ಕಡ್ಡೀಲಿ ಗೀರವ್ನ. ನಮ್ಮಪ್ಪ ತಟ್ಟಿದ ಮಡಕ, ನಮ್ಮಾವ ತಟ್ಟಿದ ಮಡಕ ಎರಡ್ನೂ ಕಣ್ಮುಚ್ಕಂಡು ಮುಟ್ಟಿ ಏಳ್ಬುಡ್ತಿದ್ದೆ ನಾನು. ಕೈ ಅಂದ್ರ ಅಂಗೇಯ."

"ಹನ್ನೊಂದು ಹಳ್ಳಿಯಿಂದ ಬಂದಿದ್ದು ಅಂತಾರಲ್ಲ ಪ್ರೊಫೆಸರು. ಒಂದೊಂದು ಹಳ್ಳಿಗೂ ಒಬ್ಬ ಕುಂಬಾರ ಇರಬಹುದು."

"ಇರ್ಬೋದು. ಆದ್ರ ಇಂತಾ ಗುಡಾಣ ಒತ್ಕಂಡು ಬಂದೋರು ಯಾರಮ್ಮ? ತುಂಬಿದ್ರ ನಾಕಾಳು ಎತ್ತಕ್ಕಾಗಲ್ಲ. ಇಲ್ಲೇ ಮಡಗಿ, ಇಲ್ಲೇ ತುಂಬ್ಕಂಡವ್ರ." ಇನ್ನೊಂದು ಕಂಠಕ್ಕೆ ಬಟ್ಟೆ ಹಾಕುತ್ತಾ ಮತ್ತೆ ಹೇಳಿದಳು. "ನಮ್ಮವ್ವನ ಊರಲ್ಲಿ ಇಂಗೇ ಹಗೇವು ಇದ್ವು."

ಹಗೇವು ಎಂದರೆ ರಾಗಿ ತುಂಬಿಡುವ ನೆಲದ ಗುಂಡಿ. ನಾನು ಚಿಕ್ಕವಳಿದ್ದಾಗ ಒಂದೆರಡನ್ನು ನೋಡಿದ್ದೆ. ಅದನ್ನೂ ನನ್ನ ಪಾಠವನ್ನೂ ಒಟ್ಟಿಗೆ ಇಟ್ಟು ಒಮ್ಮೆಯೂ ಯೋಚಿಸಿರಲಿಲ್ಲ.

"ಊರ ಮುಂದ್ಲ ಬಯಲಲ್ಲಿ ಎಲ್ರ ಹಗೇವೂ ಒಂದೇ ತಾವು. ಮನಗೊಂದು. ಬಾಯ್ಗ ಮುಚ್ಚೋ ಚಪ್ಪಡಿ ಮ್ಯಾಗ ಗುರ್ತು ಆಕಳೋರು. ನಮ್ಮವ್ವನ ಮನೇದು ಮೂರು ಗೀಟು. ಅವ್ರ ಕಾಳು ಅವ್ರು ತಕ್ಕಳೋರು. ಯಾರ್ಗಾರ ಇಲ್ದೇ ಓದ್ರ ಪಕ್ಕದ್ರಿಂದ ಕೊಡೋರು."

"ಅಲ್ಲಿ ಯಾರಾದ್ರೂ ದೊಡ್ಡೋರು ಇದ್ರಾ, ನೋಡಿಕೊಳ್ಳೋಕೆ?"

"ಒಂದ್ ನಾಯಿ ಇತ್ತು" ಎಂದಳು.

ಅದನ್ನೆಲ್ಲ ನನ್ನ ಫೀಲ್ಡ್ ಪುಸ್ತಕದಲ್ಲಿ ಬರೆದುಕೊಂಡೆ, ನಾಯಿಯನ್ನು ಬಿಟ್ಟು. ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರೊಫೆಸರಿಗೆ ಹೇಳಿದೆ. ಇದು ಒಬ್ಬ ಅರಸನ ಕಣಜವಾಗಿರದೆ, ಊರಿನ ಮನೆಗಳೆಲ್ಲ ಸೇರಿ ಇಟ್ಟುಕೊಂಡ ಕಣಜವೂ ಆಗಿರಬಹುದಲ್ಲವೇ ಎಂದೆ. ಅವರು ತುತ್ತು ಕಲಸುವುದನ್ನು ನಿಲ್ಲಿಸಲಿಲ್ಲ.

"ಮೇಡಂ, ಇಷ್ಟು ಧಾನ್ಯ ಒಂದೇ ಕಡೆ ಕೂಡಿದೆ ಅಂದರೆ, ಕೂಡಿಸಿದವನು ಒಬ್ಬ ಇರಲೇಬೇಕು. ತಾವಾಗಿ ಯಾರಾದರೂ ತಂದು ಇಡ್ತಾರಾ?"

"ಈಚಿನವರೆಗೂ ಇಡ್ತಿದ್ರಂತೆ ಸರ್."

"ಯಾರು ಹೇಳಿದ್ದು?"

ಹೇಳಿದೆ. ಅವರು ಜೋರಾಗಿ ನಕ್ಕರು. "ಹಾಗಾದರೆ ಆಕೆಗೊಂದು ಡಾಕ್ಟರೇಟ್ ಕೊಡಿಸೋಣ ಬಿಡಿ." ಅವರ ಜೊತೆ ಬಂದಿದ್ದ ಇಬ್ಬರು ಸಂಶೋಧಕರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ನನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ, ಕ್ಷಮಿಸಿಕೊಳ್ಳುವ ಉದ್ದೇಶವೂ ಇಲ್ಲ. ಪ್ರೊಫೆಸರಿಗೆ ಯಾರೂ ಅಪ್ಪಣೆ ಕೊಡದೆ ಜನ ಏನನ್ನಾದರೂ ಮಾಡಬಲ್ಲರು ಎಂಬುದನ್ನು ಕಲ್ಪಿಸಿಕೊಳ್ಳಲೇ ಆಗುತ್ತಿರಲಿಲ್ಲ. ಅವರು ತಮ್ಮ ಊಟದ ಕ್ಯಾರಿಯರ್‌ ಮುಚ್ಚಳವನ್ನು ಕೂಡ ಇನ್ನೊಬ್ಬರಿಗೆ ಹೇಳಿಯೇ ತೆಗೆಸುತ್ತಿದ್ದರು. ಮುಚ್ಚಳ ತೆಗೆಯುತ್ತಿದ್ದವಳು ನಾನು.

ಅರಸನಿದ್ದ ಮೇಲೆ ಅರಮನೆ ಸಿಗಬೇಕಲ್ಲ. ಕೋಣೆಯ ಉತ್ತರಕ್ಕೆ ಅಗೆದೆವು. ಮನೆ ಸಿಕ್ಕಿತು. ಒಂದು ಒಲೆ, ಒಂದು ಒಳಕಲ್ಲು, ಬಾಗಿಲಿನ ಹೊಸ್ತಿಲ ಕಲ್ಲು. ಪಕ್ಕದಲ್ಲಿ ಇನ್ನೊಂದು ಮನೆ. ಅದರಲ್ಲೂ ಒಂದು ಒಲೆ, ಒಂದು ಒಳಕಲ್ಲು. ಹೀಗೆ ಏಳು ಮನೆ. ನಾನೇ ಟೇಪು ಹಿಡಿದು ಅಳೆದೆ. ಒಂದಕ್ಕೂ ಇನ್ನೊಂದಕ್ಕೂ ಗೇಣು ಮೇಲು, ಗೇಣು ಕಡಿಮೆ. ಯಾವ ಮನೆಯಲ್ಲೂ ಒಡವೆ ಹೆಚ್ಚಿಲ್ಲ, ಯಾವ ಮನೆಯ ಗೋಡೆಯೂ ಹೆಚ್ಚು ದಪ್ಪವಿಲ್ಲ. ಮಡಕೆಗಳೂ ಒಂದೇ ಬಗೆ, ಹೊರಗೆ ಕೆಂಪು, ಒಳಗೆ ಕಪ್ಪು. ಎಲ್ಲ ಮನೆಯಲ್ಲೂ ಒಂದಿಷ್ಟು ಕಬ್ಬಿಣದ ಕಿಟ್ಟ.

ಒಂದು ಊರಿನಲ್ಲಿ ದೊರೆ ಹುಟ್ಟಿದ್ದಾನೆಂದು ಹೇಳಬೇಕಾದರೆ ನೆಲ ಕೆಲವನ್ನಾದರೂ ತೋರಿಸಬೇಕು. ಮಿಕ್ಕವುಗಳಿಗಿಂತ ದೊಡ್ಡದಾದ ಒಂದು ಮನೆ, ಮಿಕ್ಕವುಗಳಿಗಿಂತ ಹೆಚ್ಚು ಸಾಮಾನು ಇಟ್ಟು ಮುಚ್ಚಿದ ಒಂದು ಗೋರಿ, ಯಾರನ್ನೋ ಹೊರಗಿಡಲು ಕಟ್ಟಿದ ಒಂದು ಗೋಡೆ. ಇಲ್ಲಿ ಒಂದೂ ಇರಲಿಲ್ಲ. ಇಲ್ಲಿದ್ದದ್ದು ಒಂದೇ ಅಳತೆಯ ಏಳು ಮನೆ, ಒಂದು ಕೂಡು ಕಣಜ. ಇವರು ಹೊಳೆಯ ಪಕ್ಕದಲ್ಲಿ ಬೆಳೆ ತೆಗೆದು, ಕಬ್ಬಿಣ ಕಾಯಿಸಿ, ನೂಲು ತೆಗೆದು, ಮೈಮೇಲೆ ಒಬ್ಬ ದೊರೆಯನ್ನು ಎಳೆದುಕೊಳ್ಳದೆ ಎಷ್ಟೋ ತಲೆಮಾರು ಬಾಳಿದ್ದರೆ ಅದಕ್ಕಿಂತ ದೊಡ್ಡ ಸಂಗತಿ ಯಾವುದಿತ್ತು? ಆದರೆ ಹಾಗೆಂದು ಬರೆದರೆ ಮುಂದಿನ ವರ್ಷದ ಅನುದಾನ ಬರುವುದಿಲ್ಲವಂತೆ. ಸಮಾನರಾಗಿ ಉಂಡು ಮಲಗಿದವರ ಊರು ನೋಡಲು ಯಾವ ಮಂತ್ರಿಯೂ ಬರುವುದಿಲ್ಲವಂತೆ.

"ಅರಮನೆ ಇನ್ನೂ ಆ ಕಡೆ ಇರಬೇಕು" ಎಂದು ಪ್ರೊಫೆಸರ್ ಗುಂಡಿಯನ್ನು ಪಶ್ಚಿಮಕ್ಕೆ ಸರಿಸಿದರು. ಅಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿನ ಸಾಲು, ಅದರೊಳಗೆ ಬೂದಿ ಬಣ್ಣದ ಮೆತ್ತನೆಯ ಮಣ್ಣು ಪದರ ಪದರವಾಗಿ ಸಿಕ್ಕಿತು. ಸಗಣಿ ಕೊಳೆತು ಕೂತ ಪದರ. ಪ್ರೊಫೆಸರಿಗೆ ಅದು ಗೊತ್ತಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ನೋಡಿದ ತಕ್ಷಣ ಅವರೇ "ಕೊಟ್ಟಿಗೆ" ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಯಜಮಾನರು ಕಾರ್ಯಕ್ರಮವೊಂದನ್ನು ನಿಗದಿ ಮಾಡಿಬಿಟ್ಟಿದ್ದರು. ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ನಮ್ಮ ಕೊಟ್ಟಿಗೆ ಕೋಟೆಯಾಗಿತ್ತು. ಕನ್ನಡ ಎಷ್ಟು ಉದಾರವಾದ ಭಾಷೆ ನೋಡಿ, ಅಕ್ಷರ ಒಂದೆರಡು ತಿದ್ದಿದರೆ ದನ ಕಟ್ಟುವ ಜಾಗದಲ್ಲಿ ಸೈನ್ಯ ನಿಲ್ಲುತ್ತದೆ.

"ಸರ್, ಇದು ಕೊಟ್ಟಿಗೆ ಅಲ್ವಾ?" ಎಂದು ಕೇಳಿದೆ.

"ಸದ್ಯಕ್ಕೆ ರಕ್ಷಣಾ ಗೋಡೆ ಅನ್ನೋಣ. ವರದಿ ಬರೆಯುವಾಗ ನೋಡಿದರಾಯಿತು."

"ಮೊಣಕಾಲೆತ್ತರದ ರಕ್ಷಣಾ ಗೋಡೆ?"

"ಮೇಲಿನದು ಬಿದ್ದಿರಬಹುದು ಮೇಡಂ. ನೀವು ಬಂದವರ ಕಾಫಿ ನೋಡಿಕೊಳ್ಳಿ."

ಕಾರ್ಯಕ್ರಮದ ದಿನ ದಿಬ್ಬದ ಮೇಲೆ ಶಾಮಿಯಾನ ಎದ್ದಿತು. ಶಾಮಿಯಾನದ ಒಂದು ಕಂಬವನ್ನು ಐದನೆಯ ಮನೆಯ ಒಲೆಯ ಮೇಲೆಯೇ ನೆಟ್ಟಿದ್ದರು. ಅಷ್ಟು ದಿನ ಅಗೆದ ಹೆಂಗಸರನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಯಜಮಾನರು ವೇದಿಕೆಯ ಮೇಲೆ ಜರಿ ಪೇಟದಲ್ಲಿ ಕೂತಿದ್ದರು. ಪ್ರೊಫೆಸರ್ ಮುಕ್ಕಾಲು ಗಂಟೆ ಮಾತಾಡಿ ಅರಸನ ಕಂದಾಯ, ಅರಸನ ಕೋಟೆ, ಅರಸನ ವ್ಯಾಪಾರ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸಿದರು. ದಿಬ್ಬದಲ್ಲಿ ಸಿಗದೆ ಇದ್ದದ್ದೆಲ್ಲ ಭಾಷಣದಲ್ಲಿ ಸಿಕ್ಕಿತು.

ಆಗ ಪಕ್ಕದ ಊರಿನ ಒಬ್ಬರು ಎದ್ದು ನಿಂತರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮಡಚಿದ ಸರ್ವೆ ನಕ್ಷೆ.

"ಸಾ, ಒಂದ್ ಮಾತು. ಈ ದಿಬ್ಬದ್ದು ಅರ್ಧ ನಮ್ಮೂರ್ ಎಲ್ಲೆಗ ಬತ್ತದ. ರಾಜಧಾನಿ ಇವ್ರೊಬ್ರದೇ ಎಂಗಾಯ್ತದ?"

"ಕೂತ್ಕಳಿ, ಆಮೇಲೆ ಮಾತಾಡವ" ಎಂದರು ಯಜಮಾನರು.

"ಆಮೇಲೆ ಅಂದ್ರ ಎಲ್ಲಾ ಬರ್ದ್ಬುಟ್ಟಿರ್ತರ. ಈಗ್ಲೇ ಏಳ್ಬೇಕು."

ಜನ ಎರಡು ಕಡೆಯಿಂದಲೂ ಎದ್ದರು. ದೊಡ್ಡ ಮನುಷ್ಯರು ಗಡಿಯಾರ ನೋಡಿಕೊಂಡರು. ಪ್ರೊಫೆಸರ್ ಮೈಕು ಹಿಡಿದು ಕ್ಷಣದಲ್ಲಿ ವ್ಯಾಜ್ಯ ಬಗೆಹರಿಸಿದರು. "ಅರಮನೆ ಈ ಊರಿನ ಕಡೆ ಇತ್ತು. ಸೈನ್ಯದ ನೆಲೆ ನಿಮ್ಮ ಊರಿನ ಕಡೆ ಇತ್ತು. ಸಂಶೋಧನೆಯಿಂದ ಹಾಗೆ ಕಾಣುತ್ತದೆ."

ಟವೆಲ್ಲಿನವರು ಒಂದು ನಿಮಿಷ ಲೆಕ್ಕ ಹಾಕಿದರು. "ಸೈನ್ಯನಾ? ಆಗ್ಲಿ ಬುಡಿ" ಎಂದು ತೃಪ್ತಿಯಿಂದ ಕೂತರು. ಆ ಊರಿನ ಕಡೆ ಒಂದು ಅಡಿ ಕೂಡ ಅಗೆದಿರಲಿಲ್ಲ.

ಕೊನೆಯಲ್ಲಿ ವಂದನಾರ್ಪಣೆ ನನ್ನದು. ಕಾಗದದಲ್ಲಿ ಬರೆದು ಕೊಟ್ಟಿದ್ದರು. ನಾನದನ್ನು ತಪ್ಪಿಲ್ಲದೆ, ಇಂಪಾಗಿ ಓದಿದೆ. "ಈ ಪುರಾತನ ಅರಮನೆಯ ಅಂಗಳದಲ್ಲಿ ನೆರೆದಿರುವ ಸಮಸ್ತರಿಗೂ" ಎಂದೆ. ಓದುತ್ತಾ ತಲೆ ಎತ್ತಿದಾಗ ಹಗ್ಗದ ಆಚೆ ಕುಂಬಾರರ ಹೆಂಗಸು ಕಂಡಳು. ಅವಳು ಸಿಟ್ಟಾಗಿರಲಿಲ್ಲ. ಸಂತೆಯಲ್ಲಿ ಸೀಳು ಬಿಟ್ಟ ಮಡಕೆಯನ್ನು ಬೆರಳಿನಿಂದ ತಟ್ಟಿ ಪಕ್ಕಕ್ಕಿಡುವಾಗ ಇರುತ್ತದಲ್ಲ, ಅಂಥ ಮುಖ ಮಾಡಿಕೊಂಡಿದ್ದಳು.

ಕಾರ್ಯಕ್ರಮ ಮುಗಿದ ವಾರಕ್ಕೆ ಗುಂಡಿಗಳನ್ನು ಮುಚ್ಚಿದರು. ಗುಡಾಣ, ಬಟ್ಟಲುಗಳ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ನಮ್ಮ ಕಾಲೇಜಿನ ಮುರುಕು ಬೆಂಚುಗಳ ಕೋಣೆಯಲ್ಲಿ ಹಾಕಿದರು. ವರದಿ ಬಂತು. ಅದರಲ್ಲಿ ಕೋಟೆ ಕೋಟೆಯಾಗಿಯೇ ಉಳಿದಿತ್ತು. ಏಳು ಮನೆಗಳು "ಅರಮನೆಯ ಸೇವಕರ ವಸತಿ" ಆಗಿದ್ದವು. ಗುಡಾಣದ ಗುರುತುಗಳು ತೆರಿಗೆಯ ಚಿಹ್ನೆಗಳಾಗಿದ್ದವು. ಕೊನೆಯ ಪುಟದಲ್ಲಿ ತಂಡದವರೆಲ್ಲರ ಸಹಿ ಇತ್ತು, ನನ್ನದೂ. ಹೆಸರು ಅಚ್ಚಿನಲ್ಲಿ ಬರುತ್ತದೆಂಬ ಆಸೆಗೆ ಹಾಕಿದ ಸಹಿ. ಭಯಕ್ಕೆ ಹಾಕಿದ್ದರೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಊರಿನ ಬಾಗಿಲಲ್ಲಿ ಸಿಮೆಂಟಿನ ಕಮಾನು ಎದ್ದಿತು. ಅರಸನಿಗೆ ಒಂದು ಹೆಸರೂ ಬಂತು. ಅದು ಯಜಮಾನರ ತಾತನ ಹೆಸರು.

ಮುಂದಿನ ವರ್ಷ ಪರೀಕ್ಷೆ ಕೆಲಸಕ್ಕೆಂದು ಹನೂರಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿದ್ದುದರಿಂದ ಸಂತೆಯೊಳಗೆ ಹಾದು ಬರುವಾಗ ಕುಂಬಾರರ ಹೆಂಗಸು ಒಲೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ತಪ್ಪಿಸಿಕೊಂಡು ಹೋಗಬಹುದಿತ್ತು, ಅವಳೇ ಕರೆದಳು.

"ಏನಮ್ಮ ಮೇಡಂನೋರು, ಗುಡಾಣ ಏನಾದ್ವು?"

"ಕಾಲೇಜಲ್ಲಿವೆ. ಚೀಲದಲ್ಲಿ."

"ಆ ರಾಜಂದೇ ಅಂತ ಬರ್ದ್ರಂತಲ್ಲ."

"ಅವರು ಬರೆದರು" ಎಂದೆ.

"ಅವ್ರಾ? ಮೈಕಲ್ಲಿ ಅರಮನ ಅಂದದ್ದು ನೀವಲ್ವ? ನಂಗ ಕಿವಿ ಚೆನ್ನಾಗೇ ಕೇಳ್ತದ."

ಅವಳು ಬಂದ ಗಿರಾಕಿಗೆ ಒಲೆ ತೋರಿಸಿದಳು. ಅವನು ಹೋದ ಮೇಲೆ, "ನಂದೇನ್ ಓಯ್ತದ, ಬುಡಿ. ರಾಜ ಇದ್ರೂ ಇಲ್ದಿದ್ರೂ ನಾನು ಸಂತಗ ಬರ್ಬೇಕು. ಆದ್ರ ಗೊತ್ತಿದ್ದೂ ಗೊತ್ತಿದ್ದೂ ಅಂಗ ಏಳ್ತರಲ್ಲ, ಓದ್ದೋರು, ಅದೆಂಗ ಬಾಯ್ ಬತ್ತದ ಅಂತ" ಎಂದಳು.

ಪ್ರೊಫೆಸರ್ ನಕ್ಕಾಗ ಜೊತೆಗೆ ನಕ್ಕವಳಿಗೆ ಆ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ಅಲ್ಲೇ ಕೇಳಿದೆ, "ಒಂದು ದಿನ ಕಾಲೇಜಿಗೆ ಬರ್ತೀಯಾ? ಚೂರುಗಳನ್ನು ಇನ್ನೊಂದು ಸಲ ನೋಡೋಣ."

"ಸಂತ ಇಲ್ದ ದಿನ ಬತ್ತೀನಿ. ಅವತ್ತಿನ ಕೂಲಿ ಕೊಡಿ. ಪುಗಸಟ್ಟೆ ಬರಲ್ಲ."

ಬಂದಳು. ಯಾವ ಚೂರು ಎಲ್ಲಿ ಸಿಕ್ಕಿತೆಂದು ಬರೆದಿದ್ದ ಚೀಟಿಗಳನ್ನೆಲ್ಲ ಕೋಣೆಯಲ್ಲಿ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ನನ್ನ ಫೀಲ್ಡ್ ಪುಸ್ತಕದಲ್ಲಿ ಆ ವಿವರವೂ ಎಲ್ಲ ಗುರುತುಗಳ ಚಿತ್ರವೂ ಇತ್ತು. ಹನ್ನೊಂದು ಗುಡಾಣದ ಅಂಚುಗಳನ್ನು ನೆಲದ ಮೇಲೆ ಹರಡಿ ಇಬ್ಬರೂ ಮಧ್ಯಾಹ್ನದವರೆಗೆ ಕೂತೆವು. ಅವಳು ಮುಟ್ಟಿ, ತಿರುಗಿಸಿ, ಬೆರಳು ಒತ್ತಿದ ಗುರುತಿನಲ್ಲಿ ತನ್ನ ಬೆರಳಿಟ್ಟು ನೋಡಿದಳು. ಎರಡು ಜೊತೆ ಒಂದೇ ಕೈಯವು, ಮಿಕ್ಕ ಏಳು ಬೇರೆ ಬೇರೆ ಎಂದಳು. ನಾನು ಅಳತೆ ಹಾಕಿ ನೋಡಿದೆ, ಹೆಚ್ಚುಕಡಿಮೆ ಹೊಂದಿತು. ಇನ್ನೊಂದು ಸಂಗತಿಯೂ ಆಗ ಕಣ್ಣಿಗೆ ಬಿತ್ತು. ಅಷ್ಟು ದಿನ ನಾವು ಯಾರೂ ಗಮನಿಸದೆ ಇದ್ದದ್ದು. ಏಳು ಮನೆಗಳಲ್ಲಿ ಮೂರರೊಳಗೆ ಸಿಕ್ಕ ಊಟದ ಬಟ್ಟಲುಗಳ ಮೇಲೂ ಅದೇ ಗುರುತುಗಳಿದ್ದವು. ಏಣಿಯ ಗುರುತಿನ ಬಟ್ಟಲು ಒಂದು ಮನೆಯಲ್ಲಿ, ಏಣಿಯ ಗುರುತಿನ ಗುಡಾಣ ಕಣಜದಲ್ಲಿ. ಹಳ್ಳಿಯ ಗುರುತಲ್ಲ ಅದು, ಮನೆಯ ಗುರುತು. ಮಿಕ್ಕ ಗುರುತುಗಳ ಮನೆಗಳು ನಾವು ಅಗೆಯದ ಕಡೆ ಇರಬೇಕು.

"ಈಗೇನಂತರ ನಿಮ್ಮೋರು?" ಎಂದಳು.

ನಾನು ಲೇಖನ ಬರೆದೆ. ಅರಸನಿರಲಿಲ್ಲ ಎಂದು ಬರೆಯಲಿಲ್ಲ, ಅದು ನನಗೆ ಗೊತ್ತಿಲ್ಲ. ಈ ದಿಬ್ಬ ಅರಸನನ್ನು ತೋರಿಸುವುದಿಲ್ಲ, ವರದಿಯಲ್ಲಿ ನಾನು ಸಹಿ ಹಾಕಿದ್ದು ತಪ್ಪು ಎಂದು ಬರೆದೆ. ಅವಳ ಹೆಸರನ್ನೂ ಹಾಕುತ್ತೇನೆ ಎಂದಾಗ ಕಡ್ಡಿ ಮುರಿದಂತೆ ಬೇಡವೆಂದಳು. "ನಾಳ ಅದ್ರಲ್ಲೇನಾರ ಎಚ್ಚುಕಮ್ಮಿ ಆದ್ರ ನನ್ ತಲ ಮ್ಯಾಗ ಆಕ್ತೀರ. ನಿಮ್ಮೇಲ ನಂಗ ನಂಬ್ಕ ಇಲ್ಲ." ಸರಿಯಾಗಿಯೇ ಇತ್ತು.

ಒಂದು ಸಣ್ಣ ಪತ್ರಿಕೆ ಅದನ್ನು ಹಾಕಿತು. ಓದಿದವರು ಯಾರೆಂದು ನನಗೆ ಗೊತ್ತಿಲ್ಲ, ಒಬ್ಬರನ್ನು ಬಿಟ್ಟು. ಪ್ರೊಫೆಸರ್ ಫೋನು ಮಾಡಿದರು.

"ಒಳ್ಳೆಯದಾಯಿತು ಮೇಡಂ. ವರದಿಗೆ ಸಹಿ ಹಾಕಿದವರು ನೀವೇ, ಈ ಲೇಖನ ಬರೆದವರೂ ನೀವೇ. ಇದರಲ್ಲಿ ಯಾವುದು ಸುಳ್ಳು?"

"ಸಹಿ ಸರ್" ಎಂದೆ.

ಅವರು ಫೋನು ಇಟ್ಟರು. ಆಮೇಲೆ ಅವರ ಯಾವ ಸಭೆಗೂ ನನಗೆ ಕರೆ ಬರಲಿಲ್ಲ. ಯಜಮಾನರು ದಿಬ್ಬಕ್ಕೆ ತಂತಿ ಬೇಲಿ ಹಾಕಿಸಿದರು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗೇಟಿನಲ್ಲೇ ನಿಲ್ಲಿಸಿ, "ನೀವು ಬರ್ದದ್ದ ಓದ್ಸಿ ಕೇಳ್ದೆ ಮೇಡಮ್ಮ. ರಾಜನ್ನ ಇಲ್ಲ ಅಂದೋರ್ಗ ರಾಜನ ಜಾಗ್ದಲ್ಲೇನು ಕೆಲ್ಸ?" ಎಂದರು. ಆ ಅಗೆತದಲ್ಲಿ ನಾನು ಕಂಡ ಒಬ್ಬನೇ ಅರಸ ಅವರು. ಬೇಲಿ, ಗೇಟು, ಕುರ್ಚಿ, ವಂಶ ಎಲ್ಲ ಇತ್ತು.

ಇಷ್ಟು ಹೇಳಿಕೊಂಡು ನಾನು ದೊಡ್ಡವಳಾಗಿಬಿಡುವ ಅಪಾಯವಿದೆ. ಆದ್ದರಿಂದ ಇದನ್ನೂ ಹೇಳುತ್ತೇನೆ. ಹೋದ ವರ್ಷ ನಿವೃತ್ತಿಗೆ ಸ್ವಲ್ಪ ಮೊದಲು ಕೆಲವು ವಿದ್ಯಾರ್ಥಿಗಳ ಜೊತೆ ಕೌದಳ್ಳಿಯ ಕಡೆ ಹೊಲಗಳಲ್ಲಿ ಹಳೆಯ ಕಲ್ಲು, ಬೋಕಿ ಹುಡುಕುತ್ತಾ ನಡೆಯುತ್ತಿದ್ದೆ. ಜೋಳದ ಹೊಲವೊಂದರ ಅಂಚಿನಲ್ಲಿ ಎದೆಯೆತ್ತರದ ಚಪ್ಪಡಿ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದರು. ಬೆಟ್ಟದ ದಾರಿಯನ್ನು ಕಾಯುವ ಹಾಗಿತ್ತು ಆ ಸಾಲು. ಮಕ್ಕಳನ್ನು ಹತ್ತಿರ ಕರೆದೆ. ಬೆಟ್ಟದಿಂದ ಇಳಿಯುವ ಸರಕು, ಅದಕ್ಕೆ ಸುಂಕ ಕಟ್ಟಿಸಿಕೊಳ್ಳುವ ಒಬ್ಬ ನಾಯಕ, ಅವನ ಗಡಿ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಮಕ್ಕಳು ಫೋಟೋ ತೆಗೆದುಕೊಂಡರು. ಹೊಲದ ರೈತ ಕುಡುಗೋಲು ಹಿಡಿದು ಪೂರ್ತಿ ಕೇಳಿಸಿಕೊಂಡು ನಿಂತಿದ್ದ.

"ಯಾರು ನೆಟ್ಟದ್ದು ಅಂತ ನಿಮ್ಮಲ್ಲಿ ಏನಾದ್ರೂ ಹೇಳ್ತಾರಾ?" ಎಂದು ಕೇಳಿದೆ.

"ನಾನೂ ನಮ್ಮಪ್ಪನೂ ನೆಟ್ಟದ್ದು ಕಣಮ್ಮ. ಕಾಡಂದಿ ನುಗ್ತಿದ್ವು" ಎಂದ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ. "ನಿಮ್ಗ ರಾಜ ಅಂತಾನೇ ಬೇಕಾದ್ರ ಅಂಗೇ ಬರ್ಕಳಿ. ನಮ್ದೇನ್ ಇಲ್ಲ."

ಮಕ್ಕಳು ನಗು ತಡೆಯಲು ಅತ್ತ ತಿರುಗಿದರು. ಫೋಟೋಗಳನ್ನು ಅಳಿಸಬೇಡಿ ಎಂದು ಅವರಿಗೆ ಹೇಳಿದೆ. ಚೀಟಿಯ ಮೇಲೆ ರೈತ ಹೇಳಿದ್ದನ್ನೇ ಬರೆದು, ಹೊಲದ ಬದುವಿನ ಮೇಲೆ ಕೂತು ಕಾಡಂದಿ ಯಾವ ಕಡೆಯಿಂದ ಬರುತ್ತದೆ, ಕಲ್ಲನ್ನು ಎಲ್ಲಿಂದ ತಂದರು, ನೆಡಲು ಎಷ್ಟು ದಿನ ಹಿಡಿಯಿತು ಎಂದು ಅವನನ್ನು ಕೇಳತೊಡಗಿದೆ.